ಎರಡೂವರೆ ಅಡಿ

ನಮ್ಮ ಕಡೆ ಲೈನು ಅನ್ನೋ ಮಾತಿಗೆ ಎರಡು ಅರ್ಥ. ಒಂದು, ನಾವು ಹುಟ್ಟಿ ಬೆಳೆದ ಮನೆ. ಕಾಫಿ ತೋಟದ ತಗ್ಗಿನಲ್ಲಿ, ಒಂದೇ ಮಾಡಿನ ಕೆಳಗೆ, ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತ ಹತ್ತು ಕೋಣೆಗಳ ಸಾಲು. ಇನ್ನೊಂದು, ಆ ಮಾಡಿನಾಚೆ ಸಿಲ್ವರ್ ಓಕ್ ಮರಗಳ ನಡುವೆ ಹಾದುಹೋಗುವ ಕರೆಂಟಿನ ತಂತಿ. ಲೈನಿನವರು ಅಂದರೆ ಕೂಲಿಯವರು. ಲೈನಿಗೆ ತಾಗಿದ ಅಂದರೆ ಸತ್ತ. ಸೋಮವಾರಪೇಟೆಯ ಸಂತೆಯಲ್ಲಿ ಒಣಮೀನಿಗೆ ಚೌಕಾಸಿ ಮಾಡುತ್ತಾ ನಿಂತ ಹೆಂಗಸರು ‘ಯಾವ ಲೈನು?’ ಅಂತ ಕೇಳಿದರೆ, ಅದು ಮೊದಲನೆಯದೋ ಎರಡನೆಯದೋ ಅಂತ ದನಿಯಲ್ಲೇ ತಿಳಿಯುತ್ತದೆ.

ನಾವು ಅಂತ ಬರೆಯುವುದಕ್ಕೆ ಕಾರಣ ಹೇಳಿಬಿಡುತ್ತೇವೆ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದ್ದು ಒಬ್ಬನೇ. ಆದರೆ ಮೊದಲ ವರ್ಷದ ಫೀಸಿಗೆ ಹತ್ತು ಕೋಣೆಗಳಿಂದಲೂ ದುಡ್ಡು ಬಂದಿತ್ತು. ಕೊನೆಯ ಕೋಣೆಯ ಅಜ್ಜಿ ಸೆರಗಿನ ಗಂಟು ಬಿಚ್ಚಿ ಎಪ್ಪತ್ತು ರೂಪಾಯಿ ಕೊಟ್ಟಿದ್ದಳು. ಹೀಗೆ ಚಂದಾ ಎತ್ತಿ ಓದಿಸಿದ ಡಿಗ್ರಿಗೆ ‘ನಾನು’ ಅನ್ನೋ ಮಾತು ಹೊಂದುವುದಿಲ್ಲ. ಇನ್ನು ಬರೆಯುವ ವಿಷಯ. ನಮ್ಮ ಲೈನಿಗೆ ಗೊತ್ತಿದ್ದ ರೈಟರ್ ಒಬ್ಬನೇ: ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಹೆಸರು ಕೂಗುವವನು. ನಾವು ಪದ್ಯ ಬರೆಯುತ್ತೇವೆ ಅಂದಾಗ ಅವ್ವ ಕೇಳಿದಳು: ‘ಹಂಗಾರೆ ನೀನೂ ರೈಟ್ರಾಗ್ತೀಯೇನ್ಲಾ? ಯಾವ ತೋಟದಲ್ಲಿ?’

ಪದ್ಯದಿಂದ ಹೊಟ್ಟೆ ತುಂಬದು. ಆದ್ದರಿಂದ 2023ರ ಏಪ್ರಿಲಿನಲ್ಲಿ ನಾವು ಗುದ್ದಲಿ ಹಿಡಿದು ಒಂದು ಕಾಲುವೆ ತೋಡಿದೆವು. ಅದರ ವಿಷಯವೇ ಇಲ್ಲಿ ಬರೆಯಬೇಕಾಗಿರುವುದು.

ಬಂಗಲೆಯ ಪಕ್ಕದಲ್ಲಿ ಆರು ಕೋಣೆಗಳ ಹೋಂಸ್ಟೇ ಎದ್ದಿತ್ತು. ಪುಷ್ಪಗಿರಿ ನೋಡಲು, ಮಲ್ಲಳ್ಳಿ ಜಲಪಾತ ನೋಡಲು ಬೆಂಗಳೂರಿನಿಂದ ಬರುವವರಿಗೆ ನಮ್ಮ ಊರಿನ ಚಳಿ ಬಹಳ ಇಷ್ಟ, ಸ್ನಾನದ ಹೊತ್ತು ಬಿಟ್ಟರೆ. ಕರೆಂಟಿನ ಗೀಸರು ಮಳೆಗಾಲದಲ್ಲಿ ನಂಬುವ ಹಾಗಿಲ್ಲ, ಬಿಸಿಲಿನ ಹೀಟರು ಅದಕ್ಕಿಂತ ಕಷ್ಟ. ಹಾಗಾಗಿ ಸಾಹುಕಾರರು ಸೌದೆಯ ಬಾಯ್ಲರ್ ತರಿಸಿದರು. ಹೊಗೆ ಅತಿಥಿಗಳಿಗೆ ತಾಗಬಾರದು ಅಂತ ಅದನ್ನು ಕಾಫಿ ಕಣದ ಹಿಂದೆ, ಶೀಟಿನ ಮಾಡಿನ ಕೆಳಗೆ ಇಡುವುದು. ಅಲ್ಲಿಂದ ಕೋಣೆಗಳವರೆಗೆ ನೆಲದೊಳಗೆ ಪೈಪು, ಅದರ ಜೊತೆಗೇ ಕರೆಂಟಿನ ಕೇಬಲ್. ನೂರ ಅರವತ್ತು ಅಡಿ ಉದ್ದ, ಎರಡಡಿ ಅಗಲ, ಎರಡೂವರೆ ಅಡಿ ಆಳ. ಲೆಕ್ಕ ಹಾಕಿದರೆ ಎಂಟುನೂರು ಘನ ಅಡಿ ಮಣ್ಣು. ಐದು ಜನ, ನಾಲ್ಕು ದಿನ.

ಹೂಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಮೊದಲ ಒಂದಡಿ ಎಲೆ ಕೊಳೆತ ಕಪ್ಪು ಮಣ್ಣು, ಸಲಿಕೆಗೆ ತಾನೇ ಬರುತ್ತದೆ. ಅದರ ಕೆಳಗೆ ಕೆಂಪು ಜೇಡಿ. ಹೊಂಗಾರೆ ಮರದ ಬೇರು ಅಡ್ಡ ಬಂದಲ್ಲಿ ಹಾರೆ ಹಾಕಬೇಕು, ಹಾರೆಗೂ ಬಗ್ಗದಿದ್ದರೆ ಕೊಡಲಿ. ಎರಡನೆಯ ದಿನ ಮಧ್ಯಾಹ್ನ ನಾವು ಒಂದೂವರೆ ಅಡಿಗೇ ಸಾಕು ಅಂತ ಕೂತಿದ್ದೆವು. ಹುಣಸೂರಿನ ಕಡೆಯಿಂದ ಬಂದಿದ್ದ ವೈರಿಂಗಿನವನು ಗುಂಡಿಗೆ ಟೇಪು ಇಳಿಬಿಟ್ಟ.

‘ಇಷ್ಟಕ್ಕೇ ಬಿಟ್ರೆ ಆಗಲ್ಲ ಕಣ್ರಪ್ಪಾ. ಎರಡೂವರೆ ಬೇಕು.’

‘ಬೇರು ಅದೆ ಅಣ್ಣಾ.’

‘ಬೇರು ಇದ್ರೆ ಇರ್ಲಿ. ನಾಳೆ ಯಾವನೋ ಬಾಳೆಕಂದು ಹಾಕಕ್ಕೆ ಅಂತ ಇದೇ ಜಾಗ್ದಲ್ಲಿ ಗುದ್ದಲಿ ಎತ್ತಿದ್ರೆ? ಅವನು ನಿಮ್ಮವನೇ ಆಗಿರ್ತಾನೆ.’

ಈ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ಗುದ್ದಲಿ ಎತ್ತುವವನು ಯಾರಾಗಿರುತ್ತಾನೆ ಅಂತ ಮೊದಲೇ ಯೋಚಿಸಿ ಆಳ ಗೊತ್ತು ಮಾಡುವ ಒಂದು ಪದ್ಧತಿ ಈ ಲೋಕದಲ್ಲಿ ಇದೆ ಅಂತ ನಮಗೆ ಆವತ್ತೇ ಗೊತ್ತಾಗಿದ್ದು.

ಕೆಲಸ ಕಲಿಯುವುದರಲ್ಲಿ ಒಂದು ಸುಖ ಇದೆ, ಅದನ್ನು ಮುಚ್ಚಿಡುವುದು ಬೇಡ. ಕೂಲಿ ಅಂತ ಇಳಿದ ನಾವು ಆ ನಾಲ್ಕು ದಿನ ವಿದ್ಯಾರ್ಥಿಗಳೂ ಆದೆವು. ಬಾಯ್ಲರ್ ಅಂದರೆ ಒಲೆಯ ಸುತ್ತ ನೀರಿನ ಗೋಡೆ. ಒಳಗೆ ಸೌದೆ ಉರಿಯುತ್ತದೆ, ಸುತ್ತಲ ನೀರು ಕಾಯುತ್ತದೆ, ಪಂಪು ಅದನ್ನು ಒಂದು ಪೈಪಿನಲ್ಲಿ ಕೋಣೆಗಳಿಗೆ ಕಳಿಸಿ ಇನ್ನೊಂದರಲ್ಲಿ ವಾಪಸು ತರುತ್ತದೆ. ನೀರು ತಿರುಗುತ್ತಲೇ ಇರುವುದರಿಂದ ನಲ್ಲಿ ತಿರುಗಿಸಿದ ಕೂಡಲೆ ಬಿಸಿ. ಕರೆಂಟು ಬೇಕಾಗಿರುವುದು ಈ ಪಂಪಿಗೆ, ಮತ್ತೆ ಬೆಂಕಿಗೆ ಗಾಳಿ ಊದುವ ಫ್ಯಾನಿಗೆ. ಕರೆಂಟು ಹೋದಾಗ ನೀರು ನಿಂತಲ್ಲೇ ಕುದಿಯುತ್ತದೆ. ಆವಿ ಹೊರಗೆ ಹೋಗಲು ಮೇಲೆ ಒಂದು ಬಾಯಿ ತೆರೆದೇ ಇರಬೇಕು, ಇಲ್ಲದಿದ್ದರೆ ಅದು ಬಾಂಬು. ಇಂಥ ಒಲೆಗಳು ಹಿಮ ಬೀಳುವ ದೇಶಗಳಲ್ಲಿ ಬಹಳ. ಅಲ್ಲಿ ಮನೆಯನ್ನೇ ಕಾಯಿಸಬೇಕು, ಪೈಪನ್ನು ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೂಳಬೇಕು. ನಮ್ಮಲ್ಲಿ ಶತ್ರು ಹಿಮ ಅಲ್ಲ, ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸೋಮವಾರಪೇಟೆಯ ನೆಲ ಹಿಂಡಿದರೆ ನೀರು. ಒದ್ದೆ ಮಣ್ಣು ಶಾಖವನ್ನು ಕುಡಿದುಬಿಡುತ್ತದೆ. ಕಣದ ಹಿಂದೆ ಕುದಿದು ಹೊರಟ ನೀರು ಕೋಣೆ ಮುಟ್ಟುವಷ್ಟರಲ್ಲಿ ಉಗುರು ಬೆಚ್ಚಗೆ. ಆದ್ದರಿಂದ ಪೈಪಿಗೆ ಕಪ್ಪು ರಬ್ಬರಿನ ಸ್ಪಂಜು ಸುತ್ತಿ, ಎರಡು ಪೈಪುಗಳನ್ನೂ ಒಂದು ದೊಡ್ಡ ಪೈಪಿನೊಳಗೆ ತೂರಿಸಿ, ಸೇರುವೆಗಳಲ್ಲಿ ಹನಿ ನೀರೂ ನುಗ್ಗದ ಹಾಗೆ ಅಂಟು ಹಾಕಿ, ಕಾಲುವೆಯ ತಳವನ್ನು ಒಂದೇ ಕಡೆಗೆ ಇಳಿಜಾರು ಮಾಡಿ, ತಗ್ಗಿನ ತುದಿಯಲ್ಲಿ ನೀರು ಬಸಿದು ಹೋಗಲು ದಾರಿ ಬಿಡಬೇಕು. ಇಳಿಜಾರನ್ನು ನೋಡಲು ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಹಿಡಿದ ಪ್ಲಂಬರನಿಗಿಂತ ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಕಣ್ಣಳತೆಯಲ್ಲೇ ಸರಿಯಾಗಿ ಹೇಳಿದರು. ತೋಟದ ತೊಟ್ಟಿಲುಗುಂಡಿಗಳನ್ನು ಮೂವತ್ತು ವರ್ಷ ತೋಡಿದ ಕಣ್ಣು ಅದು. ಮಳೆನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ ಅಂತ ಅವರಿಗೆ ಯಾವ ಟ್ಯೂಬೂ ಹೇಳಬೇಕಾಗಿಲ್ಲ.

ಪೈಪಿನಲ್ಲೂ ಜಾತಿ ಇದೆ. ತಣ್ಣೀರಿನ ಬಿಳಿ ಪಿ.ವಿ.ಸಿ. ಬಿಸಿನೀರಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ, ಅದಕ್ಕೆ ಸಿ.ಪಿ.ವಿ.ಸಿ.ಯೇ ಆಗಬೇಕು. ಅದೂ ಕಾದರೆ ಉದ್ದವಾಗುತ್ತದೆ: ಮೂವತ್ತಡಿ ಪೈಪು ಐವತ್ತು ಡಿಗ್ರಿ ಕಾದರೆ ಒಂದು ಅಂಗುಲಕ್ಕೂ ಹೆಚ್ಚು. ಎಳೆಯಲು ಜಾಗ ಬಿಡದಿದ್ದರೆ ಸೇರುವೆ ಬಿಚ್ಚಿಕೊಳ್ಳುತ್ತದೆ.

ಬೆಂಕಿಯ ವಿಷಯಕ್ಕೆ ನಮ್ಮಪ್ಪನನ್ನು ಕೇಳಬೇಕು. ಮೇಲಿನ ಮಲೆಯಲ್ಲಿ ಏಲಕ್ಕಿ ಇದ್ದ ಕಾಲದಲ್ಲಿ ಅವನು ಏಲಕ್ಕಿ ಒಣಗಿಸುವ ಗೂಡಿನ ಬೆಂಕಿ ಕಾಯುತ್ತಿದ್ದವನು. ಅಲ್ಲೂ ಒಲೆಯ ಬಾಯಿ ಕೋಣೆಯ ಹೊರಗೆ. ತಗಡಿನ ಕೊಳವೆ ಕೋಣೆಯೊಳಗೆ ಸುತ್ತಿ ಹೊಗೆಯನ್ನು ಹೊರಗೆ ಬಿಡುತ್ತದೆ, ಶಾಖ ಮಾತ್ರ ಒಳಗೆ ಉಳಿಯುತ್ತದೆ. ಬೆಂಕಿ ಹೆಚ್ಚಾದರೆ ಕಾಯಿಯ ಹಸಿರು ಹೋಯಿತು, ಸಿಪ್ಪೆ ಒಡೆಯಿತು. ಕಡಿಮೆಯಾದರೆ ಬೂಷ್ಟು. ರಾತ್ರಿಯಿಡೀ ಎದ್ದು ಕೂತು ಹದ ಕಾಯಬೇಕು. ಆ ಗೂಡಿನ ಗೋಡೆಗೆ ಬೆನ್ನು ಕೊಟ್ಟು ಮಲಗಿದ್ದೇ ತನ್ನ ಬದುಕಿನ ಬೆಚ್ಚನೆಯ ರಾತ್ರಿಗಳು ಅಂತ ಅಪ್ಪ ಹೇಳುತ್ತಾನೆ. ಹೊಸ ಬಾಯ್ಲರನ್ನು ಸುತ್ತು ಹಾಕಿ ನೋಡಿ, ಬಾಗಿಲು ತೆಗೆದು, ಹೊಗೆಗೂಡಿನ ತಗಡು ತಟ್ಟಿ, ‘ನಮ್ ಗೂಡೇ ಕಣ್ಲಾ ಇದು, ಪ್ಯಾಂಟು ಹಾಕ್ಕೊಂಡು ಬಂದದೆ’ ಅಂದ.

ಕಾಲುವೆ ನಮ್ಮ ಲೈನಿನಿಂದ ಹತ್ತು ಹೆಜ್ಜೆ ದೂರದಲ್ಲಿ ಹಾದುಹೋಗುತ್ತದೆ. ಅಲ್ಲೊಂದು ಟೀ ಹಾಕಿ ಒಂದು ನಲ್ಲಿ ಕೊಟ್ಟರೆ ಬಾಣಂತಿಯರಿಗೆ, ಮುದುಕರಿಗೆ ಆಗುತ್ತಿತ್ತು. ಅವ್ವನೇ ಹೋಗಿ ಕೇಳಿದಳು. ಸಾಹುಕಾರರು ‘ನೋಡುವ’ ಅಂದರು. ಕೊಡಗಿನಲ್ಲಿ ಬದುಕಿದವರಿಗೆ ಈ ‘ನೋಡುವ’ದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ತಣ್ಣೀರಿನ ಕೆರೆಯನ್ನು ಮುಟ್ಟುವುದಕ್ಕಾಗಿ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರನ್ನು ಮಹಾಡಿಗೆ ಕರೆದುಕೊಂಡು ಹೋಗಬೇಕಾಯಿತು. ಬಿಸಿನೀರಿಗೆ ಇನ್ನೆಷ್ಟು ಜನ ಬೇಕೋ ಅಂತ ನಮ್ಮ ಗೆಳೆಯನೊಬ್ಬ ತಮಾಷೆ ಮಾಡಿದ. ತೋಟ ಕಾರ್ಮಿಕರಿಗೆ ಮನೆ, ಕುಡಿಯುವ ನೀರು ಕೊಡಬೇಕು ಅಂತ 1951ರಲ್ಲೇ ಕಾಯಿದೆ ಬಂತು. ಆ ಕಾಯಿದೆಯನ್ನು 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆಯೊಳಗೆ ಸೇರಿಸಿದರು. ಎರಡರಲ್ಲೂ ಬಿಸಿನೀರಿನ ಮಾತಿಲ್ಲ. ಸೌದೆಯ ಮಾತೂ ಇಲ್ಲ. ಮೊದಲು ಮರ ಕಪಾತಿನಲ್ಲಿ ಬಿದ್ದ ತೋಳು ಗಾತ್ರದ ರೆಂಬೆ ಲೈನಿನವರದು ಅಂತ ಒಂದು ಬಾಯಿಮಾತು ಇತ್ತು. ಬಾಯ್ಲರ್ ಬಂದ ಮೇಲೆ ಬೆರಳು ಗಾತ್ರದ್ದು ಮಾತ್ರ ನಮ್ಮದು. ಅವ್ವ ಮೂರು ಕಲ್ಲಿನ ಒಲೆ ಊದುತ್ತಾ ಕೆಮ್ಮುತ್ತಾಳೆ. ಬೆರಳು ಗಾತ್ರದ ಹಸಿ ಕಡ್ಡಿಗೆ ಉರಿಯಿಲ್ಲ, ಬರೀ ಹೊಗೆ.

ಇದು ಹೇಳಲೇಬೇಕಾದದ್ದು, ಹೇಳಿದೆವು. ಆದರೆ ನಮ್ಮನ್ನು ಬಿಡದೆ ಕಾಡಿದ್ದು ನೀರಲ್ಲ, ತಂತಿ.

ನಾಲ್ಕನೆಯ ದಿನ ಕೇಬಲ್ ಇಳಿಸಿದೆವು. ಉಕ್ಕಿನ ಸರಿಗೆಯ ಕವಚ ಇರುವ ಕೇಬಲ್, ಹೆಬ್ಬಾವಿನ ಹಾಗೆ ಭಾರ. ಬಿಸಿ ಪೈಪು ಕಾಲುವೆಯ ಒಂದು ಗೋಡೆಗೆ, ಕೇಬಲ್ ಇನ್ನೊಂದು ಗೋಡೆಗೆ, ನಡುವೆ ಒಂದಡಿಗೂ ಹೆಚ್ಚು ಅಂತರ. ಪೈಪಿನ ಶಾಖ ತಾಗಿದರೆ ಕೇಬಲ್ ಹೊರುವ ಶಕ್ತಿ ಕುಂದುತ್ತದೆ. ಕೆಳಗೆ ಜರಡಿ ಹಿಡಿದ ಮರಳು, ಮೇಲೆ ಮತ್ತೆ ಮರಳು, ಅದರ ಮೇಲೆ ಅಡ್ಡಡ್ಡ ಇಟ್ಟಿಗೆ. ಗುದ್ದಲಿ ಬಿದ್ದರೆ ಮೊದಲು ಇಟ್ಟಿಗೆಗೆ ಬೀಳಲಿ ಅಂತ. ಅರ್ಧ ಮಣ್ಣು ಮುಚ್ಚಿದ ಮೇಲೆ ‘ಕೆಳಗೆ ವಿದ್ಯುತ್ ಇದೆ’ ಅಂತ ಎಚ್ಚರಿಸುವ ಕೆಂಪು ಪಟ್ಟಿ. ಬಾಯ್ಲರ್ ಮನೆಯ ಪಕ್ಕ ಭೂಮಿಸಂಪರ್ಕಕ್ಕೆ ಬೇರೆ ಗುಂಡಿ: ಒಂದು ಪದರ ಇದ್ದಲು, ಒಂದು ಪದರ ಉಪ್ಪು, ನಡುವೆ ಕಬ್ಬಿಣದ ಪೈಪು. ಉಪ್ಪಿನ ಮೂಟೆಯನ್ನು ನಾವೇ ಹೊತ್ತು ತಂದೆವು. ಲೈನಿನ ಹತ್ತು ಕೋಣೆಗಳು ವರ್ಷವಿಡೀ ತಿಂದು ಮುಗಿಸದಷ್ಟು ಉಪ್ಪನ್ನು ಮಣ್ಣಿಗೆ ಸುರಿದದ್ದು ಕಂಡು ಕೊನೆಯ ಕೋಣೆಯ ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಕಡೆಗೆ ಗೋಡೆಯ ಮೇಲೊಂದು ಸಣ್ಣ ಪೆಟ್ಟಿಗೆ. ಮೂವತ್ತು ಮಿಲಿ ಆಂಪಿಯರ್ ಕರೆಂಟು ದಾರಿ ತಪ್ಪಿದರೂ ರೆಪ್ಪೆ ಮಿಟುಕಿಸುವುದರೊಳಗೆ ಅದು ಇಡೀ ಸಂಪರ್ಕ ಕಡಿಯುತ್ತದೆ. ಸ್ನಾನ ಮಾಡುವ ಅತಿಥಿಯ ಒದ್ದೆ ಮೈಗೆ ಏನೂ ಆಗಬಾರದಲ್ಲ.

ಸಂಜೆ ಚಹಾ ಕುಡಿಯುವಾಗ ವೈರಿಂಗಿನವನನ್ನು ಕೇಳಿದೆವು: ‘ಅಣ್ಣಾ, ಮೇಲೆ ಹೋಗ್ತದಲ್ಲ, ಆ ಲೈನು. ಅದನ್ನು ನೆಲದೊಳಗೆ ಹಾಕ್ಬೇಕಾದ್ರೆ ಎಷ್ಟು ಆಳ ಬೇಕು?’

ಅವನು ಕತ್ತೆತ್ತಿ ನೋಡಿದ. ‘ಹನ್ನೊಂದು ಕೆ.ವಿ. ಅದು. ಮೂರಡಿ.’

ಮೂರಡಿ. ನಾವು ತೋಡಿದ್ದಕ್ಕಿಂತ ಅರ್ಧ ಅಡಿ ಹೆಚ್ಚು.

ನಮ್ಮ ಚಿಕ್ಕಪ್ಪ 2019ರ ಮಾರ್ಚಿನಲ್ಲಿ ಲೈನಿಗೆ ತಾಗಿ ಹೋದ. ಮೆಣಸು ಕುಯ್ಯುವ ಕಾಲ. ಕಿಲೋ ಲೆಕ್ಕದ ಗುತ್ತಿಗೆ. ಒಂದು ಮರದ ಬಳ್ಳಿ ಮುಗಿಸಿ, ಏಣಿಯನ್ನು ನಿಲ್ಲಿಸಿಕೊಂಡೇ ಇನ್ನೊಂದು ಮರಕ್ಕೆ ಸಾಗಿಸುತ್ತಿದ್ದ. ಅಲ್ಯೂಮಿನಿಯಂ ಏಣಿ. ಮೊದಲು ಬಿದಿರಿನದು ಇತ್ತು. ಭಾರ, ಎರಡು ಮಳೆಗಾಲಕ್ಕೆ ಹುಳ ಹಿಡಿಯುತ್ತಿತ್ತು. ಅಲ್ಯೂಮಿನಿಯಂ ಬಂದಾಗ ಲೈನಿನವರೇ ಖುಷಿಪಟ್ಟಿದ್ದರು, ಭುಜದ ನೋವು ಕಡಿಮೆ ಅಂತ. ಇಪ್ಪತ್ತು ಅಡಿ ದಾಟುವ ಏಣಿಯ ತುದಿ ಎಲೆಗಳ ನಡುವೆ ಎಲ್ಲಿದೆ ಅಂತ ಕೆಳಗೆ ಹಿಡಿದವನಿಗೆ ಕಾಣುವುದಿಲ್ಲ. ಹನ್ನೊಂದು ಸಾವಿರ ವೋಲ್ಟಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ತೀರಾ ಹತ್ತಿರ ಹೋದರೂ ಅದೇ ಹಾರಿ ಬರುತ್ತದೆ. ಚಿಕ್ಕಮ್ಮ ಅದೇ ಸಾಲಿನಲ್ಲಿ ಉದುರಿದ ಮೆಣಸು ಆರಿಸುತ್ತಿದ್ದಳು. ‘ಕೊಂಬೆ ಮುರಿದಂಗೆ ಸದ್ದಾಯ್ತು, ನಾನು ಕೊಂಬೆ ಅಂದ್ಕೊಂಡೆ’ ಅಂತ ಈಗಲೂ ಹೇಳುತ್ತಾಳೆ. ಅದಕ್ಕಿಂತ ಹೆಚ್ಚು ಹೇಳಿಲ್ಲ, ನಾವೂ ಕೇಳಿಲ್ಲ.

ಚೆಕ್‌ರೋಲಿನಲ್ಲಿ ಹೆಸರಿರಲಿಲ್ಲ, ಗುತ್ತಿಗೆಯವನು. ಕೆಲಸದಲ್ಲಿ ಸತ್ತವನ ಮನೆಗೆ ಪರಿಹಾರ ಕೊಡಬೇಕು ಅಂತ ಈ ದೇಶದಲ್ಲಿ 1923ರಿಂದ ಕಾಯಿದೆ ಇತ್ತು. ಚಿಕ್ಕಮ್ಮನಿಗೆ ಸಿಕ್ಕಿದ್ದು ಮಣ್ಣು ಮಾಡುವ ಖರ್ಚು, ಆರು ತಿಂಗಳ ಅಕ್ಕಿ, ಮತ್ತು ಹೆಬ್ಬೆಟ್ಟು ಒತ್ತಿದ ಒಂದು ಕಾಗದ. ಆ ಕಾಗದವನ್ನು ಓದಿ ಹೇಳಲು ಆಗ ಲೈನಿನಲ್ಲಿ ಯಾರೂ ಇರಲಿಲ್ಲ. ನಾವು ಮೈಸೂರಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆವು.

ಕೊಡಗಿನ ಪತ್ರಿಕೆಗಳನ್ನು ಓದುವವರಿಗೆ ಇದು ಹೊಸ ಸುದ್ದಿಯಲ್ಲ. ಮರ ಕಪಾತು, ಮೆಣಸು ಕುಯ್ಲು ಬಂದಾಗಲೆಲ್ಲ ಮೂರನೆಯ ಪುಟದಲ್ಲಿ ನಾಲ್ಕು ಸಾಲು. ಏಣಿ ತಂತಿಗೆ ತಗುಲಿ ಕಾರ್ಮಿಕ ಸಾವು. ಹಾಗೆ ಬರೆದಾಗ ಏಣಿ ಹೋಗಿ ತಗುಲಿತು ಅಂತ ಆಗುತ್ತದೆ. ತಂತಿ ಅಲ್ಲಿ ಯಾಕೆ ಇತ್ತು ಅಂತ ಆ ನಾಲ್ಕು ಸಾಲಿನಲ್ಲಿ ಜಾಗವಿಲ್ಲ.

ನಾವು ಓದಿದವರಲ್ಲವೇ, ಹುಡುಕಿದೆವು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ತಂತಿ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಅಂತ ಬರೆದಿತ್ತು. ಬೀದಿಗೆ ಅಡ್ಡ ಹಾದರೆ ಹನ್ನೊಂದು ಸಾವಿರ ವೋಲ್ಟಿನದು 6.1 ಮೀಟರು. ಬೀದಿಯ ಉದ್ದಕ್ಕೆ ಹೋದರೆ 5.8. ಬೀದಿಯಲ್ಲದ ‘ಬೇರೆ ಕಡೆ’, ಹೊದಿಕೆಯಿಲ್ಲದ ತಂತಿಗೆ 4.6 ಮೀಟರು. ಅಂದರೆ ಹದಿನೈದು ಅಡಿ. ತೋಟ ಅಂದರೆ ಆ ‘ಬೇರೆ ಕಡೆ’. ಬೀದಿಯಲ್ಲಿ ಲಾರಿ ಹೋಗುತ್ತದೆ, ಬಸ್ಸು ಹೋಗುತ್ತದೆ, ಅದನ್ನು ಯಾರೋ ಅಳೆದು ನೋಡಿದ್ದಾರೆ. ಬೇರೆ ಕಡೆ ಇಪ್ಪತ್ತು ಅಡಿಯ ಏಣಿ ಹೊತ್ತು ಒಬ್ಬ ಮನುಷ್ಯ ಹೋಗುತ್ತಾನೆ ಅಂತ ನಿಯಮ ಬರೆದ ಕೋಣೆಯಲ್ಲಿ ಯಾರಿಗೂ ಹೊಳೆದಿಲ್ಲ. ಆ ಕೋಣೆಯಲ್ಲಿ ಏಣಿ ಹತ್ತಿದವರು ಯಾರೂ ಇದ್ದಿರಲಾರರು.

ನೆಲದೊಳಗೆ ಹಾಕುವುದು ಹಲವು ಪಟ್ಟು ದುಬಾರಿ, ನಮಗೂ ಗೊತ್ತು. ಕೊಡಗಿನಂಥ ಜಿಲ್ಲೆಯಲ್ಲಿ ಎಲ್ಲ ತಂತಿಯನ್ನೂ ಹೂಳಿ ಅಂತ ನಾವು ಕೇಳುತ್ತಿಲ್ಲ. 2018ರ ಆಗಸ್ಟಿನಲ್ಲಿ ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿ ಬಂದದ್ದನ್ನು ಕಂಡವರು ನಾವು. ಜಾರುವ ನೆಲದಲ್ಲಿ ಹೂತ ಕೇಬಲ್ಲಿಗೂ ಭರವಸೆಯಿಲ್ಲ. ಆದರೆ ದಾರಿ ಅದೊಂದೇ ಅಲ್ಲ. ಹೊದಿಕೆ ಇರುವ ತಂತಿ ಉಂಟು. ಕಂಬವನ್ನು ತೋಟದ ರಸ್ತೆಯ ಅಂಚಿಗೆ ಸರಿಸಬಹುದು. ತಂತಿಯ ಅಕ್ಕಪಕ್ಕದ ಮರಗಳಿಗೆ ಮೆಣಸು ಹಬ್ಬಿಸದೆ ಬಿಡಬಹುದು. ಕರೆಂಟು ಹರಿಯದ ನಾರಿನ ಏಣಿಗಳೂ ಪೇಟೆಯಲ್ಲಿವೆ. ಏನೂ ಇಲ್ಲದಿದ್ದರೆ ಕುಯ್ಯುವ ಮೂರು ಗಂಟೆ ಲೈನ್ ಆಫ್ ಮಾಡಿಸಬಹುದು. ಇದಕ್ಕೆ ಬೇಕಾಗಿರುವುದು ಒಂದು ಫೋನು. ಕರೆಂಟಿನಿಂದ ಮನುಷ್ಯನನ್ನು ಹೇಗೆ ಕಾಪಾಡಬೇಕು ಅಂತ ತೋಟಕ್ಕೆ ತಿಳಿಯದು ಅಂತ 2019ರಲ್ಲಿ ನಂಬಿದ್ದೆವು. ಮರಳು, ಇಟ್ಟಿಗೆ, ಕೆಂಪು ಪಟ್ಟಿ, ಇದ್ದಲು, ಉಪ್ಪು, ಮೂವತ್ತು ಮಿಲಿ ಆಂಪಿಯರಿನ ಪೆಟ್ಟಿಗೆ, ಇಷ್ಟನ್ನೂ ನಮ್ಮ ಕೈಯಿಂದಲೇ ಹೂಳಿಸಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಆದ್ದರಿಂದ ಒಂದು ಅರ್ಜಿ ಬರೆದೆವು. ಹತ್ತು ಕೋಣೆಗಳ ಸಹಿ ಮತ್ತು ಹೆಬ್ಬೆಟ್ಟು. ಪದ್ಯದ ಭಾಷೆ ಒಂದೂ ಬಳಸಲಿಲ್ಲ. ಯಾವ ಕಂಬದಿಂದ ಯಾವ ಕಂಬದವರೆಗೆ, ಎಷ್ಟು ಮರ, ತಂತಿಗೂ ಮರಕ್ಕೂ ಎಷ್ಟು ಅಡಿ ಅಂತ ನೆಲದ ಮೇಲೆ ಹೆಜ್ಜೆ ಹಾಕಿ ಅಳೆದು ಬರೆದೆವು. ಹತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ನಕ್ಷೆ ಬರೆದಳು. ಅವಳ ಕೋನಮಾಪಕ, ಒಂದು ದಾರ, ಒಂದು ಕಲ್ಲು, ಇಷ್ಟರಲ್ಲೇ ತಂತಿಯ ಎತ್ತರ ಸಿಕ್ಕಿತು. ದೂರ ನಿಂತು ಕೋನ ನೋಡಿ ಲೆಕ್ಕ ಹಾಕುವುದು ಅವಳ ಗಣಿತದ ಪುಸ್ತಕದಲ್ಲೇ ಇತ್ತು. ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಮಾತು: ತ್ರಿಕೋನಮಿತಿಗೆ ಧ್ವಜಸ್ತಂಭವನ್ನೇ ಯಾಕೆ ಅಳೆಸುತ್ತೀರಿ? ತಂತಿ ಅಳೆಸಿ. ಕೆಳಗೆ ನಿಂತು, ಮುಟ್ಟದೆ. ಸಂಘಟನೆಯ ಗೆಳೆಯರು ತೋಟದ ಸಭೆಗಳಲ್ಲಿ ಕೂಲಿ, ನಿವೇಶನದ ಜೊತೆಗೆ ಈ ಅಳತೆಯನ್ನೂ ಕೇಳಲಿ. ಗುತ್ತಿಗೆಯವರ ಹೆಸರೂ ಚೆಕ್‌ರೋಲಿಗೆ ಬರಲಿ ಅಂತ ಹಠ ಹಿಡಿಯಲಿ. ಹೆಸರಿಲ್ಲದವನು ಸತ್ತರೆ ಸತ್ತಿಲ್ಲ ಅಂತಲೇ ಲೆಕ್ಕ.

ಅರ್ಜಿಗೆ ಉತ್ತರ ಬರಲಿಲ್ಲ. 2025ರ ಫೆಬ್ರವರಿ ಕೊನೆಯಲ್ಲಿ ಮೆಣಸು ಹಣ್ಣಾಯಿತು. ತಂತಿಯ ಕೆಳಗಿನ ಸಾಲಿಗೆ ಬಂದಾಗ ಏಳು ಜನ ಏಣಿ ನೆಲಕ್ಕೆ ಮಲಗಿಸಿ ಅದರ ಮೇಲೆಯೇ ಕೂತರು. ಚಿಕ್ಕಮ್ಮನೂ ಮೆಣಸಿನ ಚೀಲ ಕೆಳಗಿಟ್ಟು ಬಂದು ಕೂತಳು. ರೈಟರು ಬಂದ.

‘ಏನಿದು? ಹೊತ್ತಾಗ್ತದೆ, ಹತ್ತಿ.’

‘ಲೈನ್ ಆಫ್ ಮಾಡ್ಸಿ ಸಾಮಿ, ಹತ್ತುತೀವಿ.’

‘ನಾನು ಹೇಳಿದ್ರೆ ಆಫ್ ಮಾಡ್ತಾರಾ?’

‘ಬಾಯ್ಲರ್ ಕೆಟ್ಟಾಗ ಒಂದೇ ಫೋನಿಗೆ ಹುಣಸೂರಿಂದ ಬಂದ್ರಲ್ಲ ಸಾಮಿ’ ಅಂದಳು ಚಿಕ್ಕಮ್ಮ.

ಆ ದಿನ ಆಗಲಿಲ್ಲ. ಮಾರನೆಯ ದಿನವೂ ಇಲ್ಲ. ಹಣ್ಣಾದ ಮೆಣಸು ಉದುರತೊಡಗಿತು, ಹಕ್ಕಿಗಳು ಬಂದವು. ಮೂರನೆಯ ದಿನ ಹತ್ತು ಗಂಟೆಗೆ ಲೈನ್‌ಮನ್ ಬೈಕಿನಲ್ಲಿ ಬಂದು ಸ್ವಿಚ್ ಎಳೆದು, ಎಳೆದದ್ದನ್ನು ನಮ್ಮವರಿಗೆ ತೋರಿಸಿ, ಮರದ ಕೆಳಗೆ ಬೀಡಿ ಹಚ್ಚಿ ಕೂತ. ಒಂದು ಗಂಟೆಯೊಳಗೆ ಸಾಲು ಮುಗಿಯಿತು. ಆ ಹೊತ್ತು ಹೋಂಸ್ಟೇಯ ಪಂಪು ನಿಂತು ಅತಿಥಿಯೊಬ್ಬರು ತಣ್ಣೀರಿನಲ್ಲಿ ಮೀಯಬೇಕಾಯಿತು ಅಂತ ಆಮೇಲೆ ಕೇಳಿದೆವು. ಶನಿವಾರ ಬಟವಾಡೆಯಲ್ಲಿ ಎಂಟು ಜನರಿಗೂ ಎರಡು ದಿನದ ಕೂಲಿ ಮುರಿದಿದ್ದರು. ಗುತ್ತಿಗೆಯವರ ಕೂಲಿ ಮುರಿಯಬೇಕಾದರೆ ಅವರ ಹೆಸರು ಪುಸ್ತಕದಲ್ಲಿ ಬರೆಯಬೇಕಲ್ಲ. ಹಾಗೆ ಬರೆದ ಆ ಹಾಳೆಯನ್ನು, ದಿನಾಂಕ ಕಾಣುವ ಹಾಗೆ, ನಾವು ಫೋಟೋ ಹೊಡೆದು ಇಟ್ಟುಕೊಂಡಿದ್ದೇವೆ.